ಒಮ್ಮೆ ಮಾತ್ರ ಜೋಡಿಸಬಹುದಾದ ಕಪಾಟು: ಬಾಡಿಗೆ ಮನೆಯ ಒಂದು ಪ್ರಕರಣ

2023ರ ಜುಲೈ ತಿಂಗಳಲ್ಲಿ ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ವಿಜಯನಗರದಲ್ಲಿ ಮೊದಲ ಮಹಡಿಯ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಹಿಡಿದ. ಮುಂಗಡ, ಮೊದಲ ತಿಂಗಳ ಬಾಡಿಗೆ, ಗ್ಯಾಸ್ ಸಿಲಿಂಡರು, ಹಾಸಿಗೆ ಇಷ್ಟಕ್ಕೇ ಅವನ ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಿತ್ತು. ಮಲಗುವ ಕೋಣೆಯಲ್ಲಿ ಸಿಮೆಂಟಿನ ಸಜ್ಜ ಒಂದಿತ್ತೇ ಹೊರತು ಬಟ್ಟೆ ಇಡಲು ಗೋಡೆ ಕಪಾಟು ಇರಲಿಲ್ಲ. ಹತ್ತಿರದ ಅಂಗಡಿಯಲ್ಲಿ ವಿಚಾರಿಸಿದಾಗ ಎರಡು ಬಾಗಿಲಿನ ಕಬ್ಬಿಣದ ಬೀರುವಿಗೆ ₹11,500 ಹೇಳಿದರು. ಅದೇ ರಾತ್ರಿ ಮೊಬೈಲಿನಲ್ಲಿ ತೇಗದ ಬಣ್ಣದ, ಮೂರು ಬಾಗಿಲಿನ ಕಪಾಟೊಂದು ₹8,499ಕ್ಕೆ ಕಂಡಿತು. ಸಾಗಣೆ ಉಚಿತ, ಜೋಡಣೆ ಸುಲಭ, ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು ಎಂದು ಅದರ ವಿವರಣೆಯಲ್ಲಿ ಬರೆದಿತ್ತು. ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ ಬಂದಿದ್ದ ಹುಡುಗನಿಗೆ ಆ ಕೊನೆಯ ಮಾತು ಬೆಲೆಗಿಂತಲೂ ಹೆಚ್ಚಾಗಿ ಹಿಡಿಸಿತು.

ಆ ಕಪಾಟು ಹದಿನೇಳು ತಿಂಗಳಿಗೆ ನೆಲಕಚ್ಚಿತು. ಬಿಲ್ಲು, ಪಟಗಳು, ಮಾರಾಟಗಾರರೊಂದಿಗೆ ನಡೆದ ಸಂದೇಶಗಳು ಎಲ್ಲವೂ ನಮ್ಮ ಬಳಿ ಉಳಿದಿರುವುದರಿಂದ, ಏನು ನಡೆಯಿತು, ಏಕೆ ನಡೆಯಿತು ಎಂಬುದನ್ನು ಕ್ರಮವಾಗಿ ಬರೆದಿಡಬೇಕೆನಿಸಿತು. ಅಗ್ಗದ್ದನ್ನು ಕೊಂಡರೆ ಹೀಗೇ ಆಗುವುದು ಎಂದು ಮನೆಯವರು, ನೆಂಟರು ಹಲವರು ಹೇಳಿದರು. ನಾನು ಆ ಮಾತನ್ನು ಒಪ್ಪುವುದಿಲ್ಲ. ಕಡಿಮೆ ಬೆಲೆಯ ವಸ್ತು ಕಡಿಮೆ ಕಾಲ ಬಾಳಬಹುದು, ಅದರಲ್ಲಿ ಮೋಸವೇನೂ ಇಲ್ಲ. ಇಲ್ಲಿ ನಡೆದದ್ದು ಬೇರೆ. ಬಿಚ್ಚಿ ಮತ್ತೆ ಜೋಡಿಸಬಹುದೆಂದು ಹೇಳಿ ಮಾರಿದ ವಸ್ತುವನ್ನು, ಒಮ್ಮೆ ಜೋಡಿಸಿದರೆ ಮತ್ತೆ ಬಿಚ್ಚಲು ಬಾರದ ಸಾಮಗ್ರಿಯಿಂದ ಮಾಡಿದ್ದರು. ಈ ಸಂಗತಿಯನ್ನು ಕೊಳ್ಳುವವನಿಗೆ ಎಲ್ಲಿಯೂ ತಿಳಿಸಿರಲಿಲ್ಲ. ಪ್ರಕರಣದ ಉಳಿದೆಲ್ಲ ತೊಂದರೆಗಳೂ ಈ ಒಂದು ಎಳೆಗೇ ಬಂದು ಸೇರುತ್ತವೆ.

ಗುರುವಾರ ಸಂಜೆ ಎರಡು ಪೆಟ್ಟಿಗೆಗಳು ಬಂದವು. ತಲಾ 190 ಸೆಂಟಿಮೀಟರ್ ಉದ್ದ, 50 ಅಗಲ, 9 ದಪ್ಪ. ಎರಡೂ ಸೇರಿ 71 ಕಿಲೊ. ಜೋಡಿಸಿ ನಿಲ್ಲಿಸಿದ ಕಪಾಟಿನ ಅಳತೆ 182 ಸೆಂಟಿಮೀಟರ್ ಎತ್ತರ, 115 ಅಗಲ, 45 ಆಳ. ಲೆಕ್ಕ ಹಾಕಿದರೆ ಪೆಟ್ಟಿಗೆಗಳು ಹಿಡಿಯುವ ಜಾಗ ನಿಂತ ಕಪಾಟಿನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಈ ವ್ಯಾಪಾರದ ಮೂಲ ಗುಟ್ಟೇ ಇದು: ಖಾಲಿ ಜಾಗವನ್ನು ಲಾರಿಯಲ್ಲಿ ಸಾಗಿಸುವ ಖರ್ಚು ಉಳಿಯುತ್ತದೆ, ಜೋಡಿಸುವ ಕೂಲಿಯೂ ಉಳಿಯುತ್ತದೆ. ಸ್ವೀಡನ್ನಿನ ಐಕಿಯಾ 1956ರಲ್ಲಿ ಈ ದಾರಿ ಹಿಡಿಯಿತು. ಮೇಜೊಂದು ಕಾರಿನಲ್ಲಿ ಹಿಡಿಸದೆ ಅದರ ಕಾಲುಗಳನ್ನು ಬಿಚ್ಚಿದ್ದರಿಂದ ಆ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ನಮ್ಮ ಕಪಾಟಿಗೂ ಆ ಸಂಸ್ಥೆಗೂ ಯಾವ ಸಂಬಂಧವೂ ಇಲ್ಲ. ಈಗ ಹತ್ತಾರು ಮಾರಾಟಗಾರರು ಇದೇ ಕ್ರಮದಲ್ಲಿ ಪೀಠೋಪಕರಣ ಮಾರುತ್ತಾರೆಂಬುದಕ್ಕಾಗಿ ಮಾತ್ರ ಇದನ್ನು ಹೇಳಿದೆ.

ಸರಕು ತಲುಪಿದ ದಿನದಿಂದ ಏಳು ದಿನದೊಳಗೆ ಹಿಂದಿರುಗಿಸಬಹುದೆಂಬ ನಿಯಮವಿತ್ತು. ಜೋಡಿಸಿಕೊಡಲು ಅವರ ಕಡೆಯ ಕೆಲಸಗಾರ ಬರುವ ದಿನಾಂಕವನ್ನು ಕೇಳಿದಾಗ ಒಂಬತ್ತನೆಯ ದಿನ ಎಂದು ಉತ್ತರ ಬಂತು. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು. ಪೆಟ್ಟಿಗೆಯಲ್ಲಿರುವ ಹಲಗೆಯನ್ನು ನೋಡಿ ಅದರ ಗೀರು ಗುರುತಿಸಬಹುದೇ ಹೊರತು ತಪ್ಪಾಗಿ ಕೊರೆದ ತೂತನ್ನು ಗುರುತಿಸಲಾಗದು. ಅದು ತಿಳಿಯುವುದು ಜೋಡಿಸುವಾಗಲೇ. ಅವರ ಕೆಲಸಗಾರ ಬರುವ ಹೊತ್ತಿಗೆ ಹಿಂದಿರುಗಿಸುವ ಗಡುವು ಮುಗಿದಿರುತ್ತಿತ್ತು. ಆದ್ದರಿಂದ ನಾಲ್ಕನೆಯ ದಿನವಾದ ಭಾನುವಾರ ನಾನು ಮೈಸೂರಿನಿಂದ ಬೆಳಗಿನ ರೈಲಿನಲ್ಲಿ ಹೋದೆ, ಇಬ್ಬರೂ ಸೇರಿ ಕೆಲಸಕ್ಕೆ ಕುಳಿತೆವು.

ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ ಮೇಲೆ ಹಲಗೆಗಳನ್ನು ಹರಡಲು ಜಾಗವಾಯಿತು. ಕೈಪಿಡಿಯಲ್ಲಿ ಒಂದೇ ಒಂದು ಅಕ್ಷರವಿರಲಿಲ್ಲ, ಬರೀ ಚಿತ್ರಗಳು. ಪ್ಲಾಸ್ಟಿಕ್ ಚೀಲದಲ್ಲಿದ್ದ ಸ್ಕ್ರೂಗಳನ್ನೂ ಮರದ ಗೂಟಗಳನ್ನೂ ಊಟದ ತಟ್ಟೆಗಳಲ್ಲಿ ಬೇರೆಬೇರೆ ಇಟ್ಟು ಎಣಿಸಿದೆವು. ಬೋಲ್ಟು 24 ಇರಬೇಕಿದ್ದಲ್ಲಿ 22 ಇದ್ದವು. ಕಡಿಮೆ ಬಿದ್ದ ಎರಡನ್ನು ಬೀದಿಯ ಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮಿನಿಫಿಕ್ಸ್ ಎಂದು ಕೇಳಿ ತಮ್ಮ ಕೊಂಡು ತಂದ. ಇದು ದೊಡ್ಡ ಸಂಗತಿಯಲ್ಲ.

ಈ ಮಿನಿಫಿಕ್ಸ್ ಹೇಗೆ ಹಿಡಿಯುತ್ತದೆಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಪಾಟಿನ ಆಯುಷ್ಯವೆಲ್ಲ ಅದರಲ್ಲಿತ್ತು. ಒಂದು ಹಲಗೆಯ ಮೈಗೆ ಬೋಲ್ಟನ್ನು ತಿರುಗಿಸಿ ಕೂರಿಸುತ್ತಾರೆ. ಇನ್ನೊಂದು ಹಲಗೆಯ ತುದಿಯ ಹತ್ತಿರ 15 ಮಿಲಿಮೀಟರ್ ಅಗಲದ ಗುಂಡು ಗುಳಿ ಇರುತ್ತದೆ. ಅದರಲ್ಲಿ ಸತು ಮಿಶ್ರಲೋಹದ ಬಿಲ್ಲೆಯನ್ನು ಇಡುತ್ತಾರೆ. ಬೋಲ್ಟಿನ ತಲೆ ಅಂಚಿನ ತೂತಿನಿಂದ ಒಳಬಂದು ಬಿಲ್ಲೆಯ ಸೀಳಿನಲ್ಲಿ ಕೂರುತ್ತದೆ, ಬಿಲ್ಲೆಯನ್ನು ಸ್ಕ್ರೂಡ್ರೈವರಿನಿಂದ ಅರ್ಧ ಸುತ್ತು ತಿರುಗಿಸಿದರೆ ಅದು ಬೋಲ್ಟಿನ ತಲೆಯನ್ನು ಎಳೆದು ಎರಡು ಹಲಗೆಗಳನ್ನೂ ಬಿಗಿಯುತ್ತದೆ. ನಮ್ಮ ಹಲಗೆಯ ದಪ್ಪ 15 ಮಿಲಿಮೀಟರ್. ಗುಳಿಯ ಆಳ 12. ಅಂದರೆ ಬಿಲ್ಲೆಯ ಕೆಳಗೆ ಉಳಿಯುವುದು ಮೂರೇ ಮಿಲಿಮೀಟರ್. ಸ್ವಲ್ಪ ಹೆಚ್ಚು ಬಿಗಿದರೆ ಗುಳಿಯ ಅಂಚು ಪುಡಿಯಾಗುತ್ತದೆ, ಕಡಿಮೆ ಬಿಗಿದರೆ ಕಪಾಟು ಅಲ್ಲಾಡುತ್ತದೆ. ಎಷ್ಟು ಬಿಗಿದರೆ ಸಾಕೆಂಬುದು ಕೈಗೆ ಅಭ್ಯಾಸವಾಗಬೇಕಾದ ವಿದ್ಯೆ, ಮೊದಲ ಬಾರಿಗೆ ಕುಳಿತವರಿಗೆ ಅದು ಬರಲು ಸಾಧ್ಯವಿಲ್ಲ.

ಅಡಿಯ ಹಲಗೆಗೆ ಬಲಗಡೆಯ ಹಲಗೆ ಕೂತಿತು, ನಡುವಿನದೂ ಕೂತಿತು. ಎಡಗಡೆಯದನ್ನು ಎತ್ತಿ ಹಿಡಿದ ತಮ್ಮ ಅದನ್ನು ಒಮ್ಮೆ ಮಗುಚಿ ನೋಡಿ, ತಲೆಕೆಳಗು ಮಾಡಿ ನೋಡಿ, ಕೆಳಗಿಟ್ಟ.

"ಅಕ್ಕ, ಇದು ಎಡದ್ದಲ್ಲ. ಇದೂ ಬಲದ್ದೇ."

ನಾನು ನಂಬಲಿಲ್ಲ. ಅಂಟಿಸಿದ್ದ ಚೀಟಿಗಳಲ್ಲಿ 3 ಮತ್ತು 4 ಎಂದು ಸರಿಯಾಗಿಯೇ ಇತ್ತು. ಆದರೆ ಎರಡೂ ಹಲಗೆಗಳನ್ನು ಅಕ್ಕಪಕ್ಕ ಮಲಗಿಸಿದಾಗ ಸಂಶಯ ಉಳಿಯಲಿಲ್ಲ. ಒಂದು ಇನ್ನೊಂದರ ಕನ್ನಡಿ ಬಿಂಬದಂತೆ ಇರಬೇಕಿತ್ತು; ತೂತುಗಳು ಎರಡರಲ್ಲಿಯೂ ಒಂದೇ ಕಡೆ ಇದ್ದವು. ತೂತು ಒಳಮುಖವಾಗುವಂತೆ ಹಿಡಿದರೆ ಅಂಚುಪಟ್ಟಿ ಅಂಟಿಸಿದ ಮುಂದಿನ ಅಂಚು ಗೋಡೆಯ ಕಡೆಗೆ ಹೋಗುತ್ತಿತ್ತು. ತಲೆಕೆಳಗು ಮಾಡಿದರೆ ಮುಂಭಾಗ ಸರಿಯಾಗುತ್ತಿತ್ತಾದರೂ ಅರೆಗಳ ಎತ್ತರ ಹೊಂದುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಎರಡನ್ನೂ ಕೊರೆದು, ಚೀಟಿಯನ್ನು ಮಾತ್ರ ಬೇರೆ ಅಂಟಿಸಿದ್ದರು. ಎಣಿಕೆ ಮಾಡಿ ಪೆಟ್ಟಿಗೆ ಪರೀಕ್ಷಿಸುವವರ ಕಣ್ಣಿಗೆ ಈ ತಪ್ಪು ಬೀಳುವಂತಿರಲಿಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿದೆವು. ಅಲ್ಲಿದ್ದ ಹುಡುಗಿ ಸೌಜನ್ಯದಿಂದಲೇ ಮಾತನಾಡಿದಳು. ಪಟಗಳನ್ನು ಕಳುಹಿಸಿದ ಮೇಲೆ ಬಂದ ಉತ್ತರ ಹೀಗಿತ್ತು: ಜೋಡಣೆ ಆರಂಭವಾಗಿರುವುದರಿಂದ ಸರಕನ್ನು ಹಿಂದಕ್ಕೆ ಪಡೆಯಲಾಗದು, ಬದಲಿ ಹಲಗೆಯನ್ನು ಹತ್ತು ಕೆಲಸದ ದಿನಗಳಲ್ಲಿ ಕಳುಹಿಸಲಾಗುವುದು. ದೋಷ ತಿಳಿಯಬೇಕಾದರೆ ಜೋಡಿಸಬೇಕು, ಜೋಡಿಸಿದರೆ ದೋಷಕ್ಕೆ ಹೊಣೆಯಿಲ್ಲ. ಈ ನಿಯಮವನ್ನು ಬರೆದವರು ಅದರ ಪರಿಣಾಮವನ್ನು ಬಲ್ಲವರೇ ಆಗಿರಬೇಕು, ಮತ್ತು ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅನ್ಯಾಯವೆಂದು ತೋರಿದ್ದು ಇದೊಂದು ವಾಕ್ಯ.

ಕಾನೂನು ಹಾಗೆ ಹೇಳುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಸರಕು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳನ್ನು ಹೊಂದಿರದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಭಾನುವಾರ ನಮಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬದಲಿ ಹಲಗೆಗೆ ಒಪ್ಪದೆ ಹಣವನ್ನೇ ಕೇಳುತ್ತಿದ್ದೆವು.

ಅರ್ಧ ಕಟ್ಟಿದ ಕಪಾಟು ಮಲಗುವ ಕೋಣೆಯ ನೆಲವನ್ನೆಲ್ಲ ಆಕ್ರಮಿಸಿತು, ತಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಮಲಗತೊಡಗಿದ. ಬದಲಿ ಹಲಗೆ ಬಂದದ್ದು ಹತ್ತೊಂಬತ್ತನೆಯ ದಿನ. ಕಂಪನಿಯ ಕೆಲಸಗಾರನ ಭೇಟಿ ಅಷ್ಟರಲ್ಲಿ ರದ್ದಾಗಿತ್ತು. ಬಡಾವಣೆಯ ಬಡಗಿಯೊಬ್ಬರನ್ನು ಕರೆದು ₹700 ಕೊಟ್ಟು ಕೆಲಸ ಮುಗಿಸಿದ. ನಾವು ಕೂರಿಸಿದ್ದ ಬಿಲ್ಲೆಗಳಲ್ಲಿ ನಾಲ್ಕನ್ನು ಅವರು ಸಡಿಲಿಸಿ ಮತ್ತೆ ಬಿಗಿಯಬೇಕಾಯಿತು. ಎರಡರಲ್ಲಿ ಆಗಲೇ ಹಿಡಿತ ಕಡಿಮೆಯಾಗಿತ್ತು. ಅವರು ಅದನ್ನು ತೋರಿಸಿ ಹೇಳಿದ ಮಾತು ನನಗೆ ನೆನಪಿದೆ: "ಇದು ಪುಡಿ ಹಲಗೆ ಸಾರ್. ಸ್ಕ್ರೂ ಒಂದ್ಸಲ ಚೆನ್ನಾಗಿ ಹಿಡಿಯುತ್ತೆ. ಬಿಚ್ಚಿ ಎರಡನೇ ಸಲ ಹಾಕಿದ್ರೆ ಪುಡಿ ಉದುರುತ್ತೆ, ಹಿಡಿಯಲ್ಲ." ತಮ್ಮ ಅದನ್ನು ಫೋನಿನಲ್ಲಿ ನನಗೆ ತಿಳಿಸಿದಾಗ ನಾನು ಅಷ್ಟಾಗಿ ಗಮನಿಸಲಿಲ್ಲ. ಇಡೀ ಪ್ರಕರಣದ ತೀರ್ಪು ಅಂದೇ ಹೊರಬಿದ್ದಿತ್ತು.

ಪುಡಿ ಹಲಗೆ ಎಂದು ಅವರು ಕರೆದದ್ದು ಪಾರ್ಟಿಕಲ್ ಬೋರ್ಡನ್ನು. ಮರದ ಸಣ್ಣ ಚಕ್ಕೆಗಳಿಗೆ, ಕೆಲವು ಕಡೆ ಕಬ್ಬಿನ ಸಿಪ್ಪೆಗೆ, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನು ಬೆರೆಸಿ, ಬಿಸಿ ಒತ್ತುಯಂತ್ರದಲ್ಲಿ ಅದುಮಿ ಇದನ್ನು ಮಾಡುತ್ತಾರೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ನುಣ್ಣನೆಯ ಪುಡಿ ಇರುತ್ತದೆ, ನಡುವೆ ದಪ್ಪ ಚಕ್ಕೆಗಳಿರುತ್ತವೆ. ಆದ್ದರಿಂದ ಹಲಗೆಯ ಮೈಗೆ ಹಾಕಿದ ಸ್ಕ್ರೂ ಹಿಡಿಯುವಷ್ಟು ಗಟ್ಟಿಯಾಗಿ ಅಂಚಿಗೆ ಹಾಕಿದ್ದು ಹಿಡಿಯುವುದಿಲ್ಲ, ಆದರೆ ಕಪಾಟಿನಲ್ಲಿ ಕೀಲುಗಳೆಲ್ಲ ಬೀಳುವುದು ಅಂಚಿನಲ್ಲೇ. ಮರದಲ್ಲಿ ಉದ್ದಕ್ಕೂ ನಾರಿರುತ್ತದೆ, ಸ್ಕ್ರೂವಿನ ಏಣು ಆ ನಾರನ್ನು ಕಚ್ಚುತ್ತದೆ, ಬಿಚ್ಚಿ ಮತ್ತೆ ಹಾಕಿದರೂ ಕಚ್ಚಲು ಏನಾದರೂ ಉಳಿದಿರುತ್ತದೆ. ಇಲ್ಲಿ ನಾರೇ ಇಲ್ಲ. ಮಾರಾಟದ ವಿವರಣೆಯಲ್ಲಿ ಈ ಹೆಸರು ಎಲ್ಲಿಯೂ ಇರಲಿಲ್ಲ. ಇದ್ದದ್ದು ಎಂಜಿನಿಯರ್ಡ್ ವುಡ್ ಎಂಬ ಮಾತು ಮತ್ತು ತೇಗದ ಬಣ್ಣದ ಪಟ. ಪ್ಲೈವುಡ್, ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಮೂರನ್ನೂ ಎಂಜಿನಿಯರ್ಡ್ ವುಡ್ ಎನ್ನಬಹುದು, ಮೂರರ ಬಾಳಿಕೆಯೂ ಬೇರೆಬೇರೆ. ಪ್ಲೈವುಡ್ ಕೊಳ್ಳುವವರಿಗೆ ಐಎಸ್ 303, ಐಎಸ್ 710 ಎಂಬ ಭಾರತೀಯ ಮಾನದಂಡದ ಮುದ್ರೆಗಳ ಪರಿಚಯವಿದೆ. ಮೇಲ್ಪದರ ಅಂಟಿಸಿದ ಪಾರ್ಟಿಕಲ್ ಬೋರ್ಡಿಗೂ ಐಎಸ್ 12823 ಎಂಬ ಮಾನದಂಡವಿದೆ. ನಮ್ಮ ಹಲಗೆಗಳ ಮೇಲೆ ಹುಡುಕಿದರೂ ಯಾವ ಮುದ್ರೆಯೂ ಕಾಣಲಿಲ್ಲ.

ಕಪಾಟು ನಿಂತ ಮೇಲೂ ನಡುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮೇಲ್ತುದಿಯಲ್ಲಿ ಪಕ್ಕದ ಬಾಗಿಲಿಗೆ ತಾಗುತ್ತಿತ್ತು. ಮುಂದಿನ ಬಾರಿ ಹೋದಾಗ ಅಪ್ಪನ ಅಳತೆಪಟ್ಟಿಯನ್ನು ಜೊತೆಗೆ ಒಯ್ದು ಎರಡು ಕರ್ಣಗಳನ್ನು ಅಳೆದೆ. ಒಂದು 216.2 ಸೆಂಟಿಮೀಟರ್, ಇನ್ನೊಂದು 214.4. ಮೂಲೆಗಳು ನೇರವಾಗಿದ್ದರೆ ಎರಡೂ 215.3 ಇರಬೇಕಿತ್ತು, ಕಪಾಟಿನ ತಲೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರಿನಷ್ಟು ಬಲಕ್ಕೆ ವಾಲಿತ್ತು. ಹಿಂದೆ ಬಡಿಯುವ ಮೂರು ಮಿಲಿಮೀಟರಿನ ತೆಳು ಹಾಳೆ ನೋಡಲು ಧೂಳು ತಡೆಯುವ ಮರೆಯಂತಿದ್ದರೂ ಚೌಕಟ್ಟನ್ನು ನೇರವಾಗಿ ಹಿಡಿದಿಡುವುದು ಅದೊಂದೇ. ಅದನ್ನು ಬಡಿಯುವ ಮೊದಲು ಕರ್ಣ ಅಳೆಯಬೇಕು. ಕೈಪಿಡಿಯಲ್ಲಿ ಆ ಚಿತ್ರವಿರಲಿಲ್ಲ, ಅವಸರದಲ್ಲಿದ್ದ ಬಡಗಿಯೂ ಅಳೆದಿರಲಿಲ್ಲ. ನಾವು ಹಿಂದಿನ ಸಣ್ಣ ಮೊಳೆಗಳನ್ನೆಲ್ಲ ಕಿತ್ತು, ಒಬ್ಬರು ತಳ್ಳಿ ಹಿಡಿದು ಇನ್ನೊಬ್ಬರು ಬಡಿದು, ಚೌಕಟ್ಟನ್ನು ನೇರ ಮಾಡಿದೆವು. ಬಾಗಿಲು ಮುಚ್ಚಿತು. ಆದರೆ ಹಿಂಬದಿಯ ಅಂಚಿನಲ್ಲಿ ಈಗ ತೂತುಗಳ ಎರಡು ಸಾಲುಗಳಿದ್ದವು.

ನಾಲ್ಕನೆಯ ತಿಂಗಳಿಗೆ ಅಗಲದ ಅಂಕಣದ ಅರೆ ಬಾಗಿತು. ಆ ಅರೆಯ ಉದ್ದ 75 ಸೆಂಟಿಮೀಟರ್. ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಬಿಗಿದು ನೋಡಿದರೆ ನಡುವೆ 9 ಮಿಲಿಮೀಟರ್ ತಗ್ಗು. ಮಡಿಸಿಟ್ಟಿದ್ದ ಬಟ್ಟೆಗಳನ್ನು ತೂಗಿದಾಗ 19 ಕಿಲೊ ಬಂತು. ಪಟ ಕಳುಹಿಸಿದ್ದಕ್ಕೆ, ಅರೆಯೊಂದಕ್ಕೆ 12 ಕಿಲೊಗಿಂತ ಹೆಚ್ಚು ಇಡಬಾರದು, ಅದನ್ನು ಪೆಟ್ಟಿಗೆಯ ಮೇಲೆ ಮುದ್ರಿಸಿದ್ದೇವೆ, ಇದು ವಾರಂಟಿಗೆ ಬರುವುದಿಲ್ಲ ಎಂದು ಉತ್ತರಿಸಿದರು. ಪೆಟ್ಟಿಗೆಗಳು ಎಂದೋ ಗುಜರಿಗೆ ಹೋಗಿದ್ದವು. ಕೊಳ್ಳುವ ಮೊದಲು ತಿಳಿಯಬೇಕಾದ ಮಾತನ್ನು ಕೊಂಡ ಮೇಲೆ ಬಿಸಾಡುವ ರಟ್ಟಿನ ಮೇಲೆ ಬರೆದರೆ ಅದನ್ನು ತಿಳಿಸಿದಂತಾಯಿತೆಂದು ಹೇಗೆ ಹೇಳುವುದು? ದಪ್ಪವನ್ನು 15ರಿಂದ 18 ಮಿಲಿಮೀಟರಿಗೆ ಏರಿಸಿದ್ದರೆ ಅದೇ ಭಾರಕ್ಕೆ ಬಾಗು ಹೆಚ್ಚುಕಡಿಮೆ 5 ಮಿಲಿಮೀಟರಿಗೆ ಇಳಿಯುತ್ತಿತ್ತು, ಏಕೆಂದರೆ ಹಲಗೆಯ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮೂರು ಮಿಲಿಮೀಟರಿನ ಉಳಿತಾಯ ಅಷ್ಟು ದುಬಾರಿಯಾಗಿತ್ತು.

ಸುರಕ್ಷತೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಚೀಲದಲ್ಲಿ ಕಪಾಟನ್ನು ಗೋಡೆಗೆ ಬಿಗಿಯುವ ಪಟ್ಟಿಯೊಂದಿತ್ತು. ಮನೆಯ ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲೇ ಬರೆಸಿದ್ದರಿಂದ ಅದು ಚೀಲದಲ್ಲೇ ಉಳಿಯಿತು. ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಡ್ರಾಯರ್ ಕಪಾಟುಗಳು ಮಗುಚಿ ಬಿದ್ದು ಮಕ್ಕಳು ಸತ್ತ ಪ್ರಕರಣಗಳ ನಂತರ 2016ರಲ್ಲಿ ಅಮೆರಿಕದಲ್ಲಿ ಐಕಿಯಾದ ಸುಮಾರು 2.9 ಕೋಟಿ ಕಪಾಟುಗಳನ್ನು ಹಿಂದಕ್ಕೆ ಕರೆಸಲಾಯಿತು. ಬಾಡಿಗೆದಾರರಿಗೆ ಮನೆ ಕೊಡುವವರು ಕಪಾಟಿನ ಎರಡು ಸ್ಕ್ರೂಗಳಿಗಾದರೂ ಅನುಮತಿ ಕೊಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

2024ರ ಜೂನ್ ತಿಂಗಳಲ್ಲಿ ಹನ್ನೊಂದು ತಿಂಗಳ ಕರಾರು ಮುಗಿಯಿತು. ಬಾಡಿಗೆ ಏರಿಸುತ್ತೇವೆಂದರು, ತಮ್ಮ ಮೆಟ್ರೊ ಹಾದಿಯಲ್ಲೇ ಇರುವ ಕೆಂಗೇರಿ ಉಪನಗರಕ್ಕೆ ಹೋಗಲು ನಿರ್ಧರಿಸಿದ. ಸಾಮಾನು ಸಾಗಿಸುವವರು ಕಪಾಟನ್ನು ತಟ್ಟಿ ನೋಡಿ, "ಇದನ್ನ ಬಿಚ್ಚಿದ್ರೆ ಮತ್ತೆ ಕೂರಲ್ಲ ಸಾರ್, ಆಮೇಲೆ ನಮ್ಮನ್ನ ಕೇಳಬೇಡಿ" ಎಂದು ಮೊದಲೇ ಹೇಳಿದರು. ಇಡಿಯಾಗಿ ಇಳಿಸೋಣವೆಂದರೆ ಮೆಟ್ಟಿಲಿನ ತಿರುವು ಚಿಕ್ಕದು. ಬಿಚ್ಚಲು, ಜೋಡಿಸಲು ಬೇರೆಯಾಗಿ ₹900 ಪಡೆದರು. ಬಿಚ್ಚುವಾಗ ಎರಡು ಬಿಲ್ಲೆಗಳು ಗುಳಿಯ ಅಂಚನ್ನೇ ಕಿತ್ತುಕೊಂಡು ಹೊರಬಂದವು. ಹೊಸ ಮನೆಯಲ್ಲಿ ನಿಲ್ಲಿಸಿದ ಕಪಾಟಿನ ಬಾಗಿಲು ತೆಗೆದರೆ ಇಡೀ ಚೌಕಟ್ಟು ಒಂದು ಕ್ಷಣ ತಡವಾಗಿ ಹಿಂದೆ ಬರುತ್ತಿತ್ತು.

ಬಿಚ್ಚಿ ಜೋಡಿಸುವ ಪೀಠೋಪಕರಣಗಳೆಲ್ಲ ಹೀಗೆಯೇ ಎನ್ನುವಂತಿಲ್ಲ. 1859ರಲ್ಲಿ ವಿಯೆನ್ನಾದ ಪೀಠೋಪಕರಣ ತಯಾರಕ ಥೋನೆಟ್ ತಯಾರಿಸಿದ 14ನೇ ಸಂಖ್ಯೆಯ ಕುರ್ಚಿ ಆರು ಮರದ ತುಂಡುಗಳು, ಹತ್ತು ಸ್ಕ್ರೂಗಳು, ಎರಡು ನಟ್ಟುಗಳಿಂದ ಆಗಿತ್ತು. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಊರಿನ ಮನೆಯಲ್ಲಿ ಅಜ್ಜಿಯ ಹಲಸಿನ ಮಂಚವಿದೆ. ಅದರ ನಾಲ್ಕು ಕಾಲುಗಳಲ್ಲಿ ಸೀಳುಗಳಿವೆ, ಅಡ್ಡಪಟ್ಟಿಗಳ ತುದಿ ಅವುಗಳಲ್ಲಿ ತೂರಿಕೊಳ್ಳುತ್ತದೆ, ಹೊರಗಿನಿಂದ ಬೆಣೆ ಹೊಡೆದರೆ ಬಿಗಿಯಾಗುತ್ತದೆ. ಮದುವೆಗೆ, ಬಾಣಂತನಕ್ಕೆ, ಮನೆ ಸುಣ್ಣ ಬಳಿಯುವುದಕ್ಕೆ ಎಂದು ಅದನ್ನು ಎಷ್ಟು ಬಾರಿ ಬಿಚ್ಚಿದ್ದಾರೋ ಲೆಕ್ಕವಿಲ್ಲ. ಬೆಣೆ ಸವೆದರೆ ಹೊಸ ಬೆಣೆ ಕೆತ್ತುತ್ತಾರೆ, ಮಂಚಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಸವೆಯುವ ಭಾಗ ಬೇರೆ, ಉಳಿಯುವ ಭಾಗ ಬೇರೆ. ನಮ್ಮ ಕಪಾಟಿನಲ್ಲಿ ಲೋಹದ ಬಿಲ್ಲೆಗೆ ಏನೂ ಆಗಲಿಲ್ಲ. ಸವೆದದ್ದು ಹಲಗೆಯೇ, ಬದಲಾಯಿಸಲು ಬಾರದ ಭಾಗವೇ.

ಕೆಂಗೇರಿಯಲ್ಲಿ ಹಿರಿಯ ಬಡಗಿಯೊಬ್ಬರು ಅದನ್ನು ಉಳಿಸಲು ನಿಜವಾಗಿಯೂ ಪ್ರಯತ್ನಪಟ್ಟರು. ದೊಡ್ಡದಾದ ತೂತುಗಳಲ್ಲಿ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತುರುಕಿ, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಸ್ಕ್ರೂ ಹಾಕಿದರು. ಒಳಮೂಲೆಗಳಿಗೆ ಕಬ್ಬಿಣದ ಎಲ್ ಪಟ್ಟಿ ಕೊಟ್ಟರು. ಸಾಮಾನು, ಕೂಲಿ ಸೇರಿ ₹1,100. ಅಡಿಯ ಹಲಗೆಯನ್ನು ನೋಡಿ ಮಾತ್ರ ಅವರು ತಲೆ ಅಲ್ಲಾಡಿಸಿದರು. ಈ ಕಪಾಟಿಗೆ ಕಾಲುಗಳಿರಲಿಲ್ಲ, ನೆಲಕ್ಕೂ ಅದಕ್ಕೂ ನಡುವೆ ನಾಲ್ಕು ಪ್ಲಾಸ್ಟಿಕ್ ಗುಂಡಿಗಳಷ್ಟೇ. ನಮ್ಮ ಮನೆಗಳಲ್ಲಿ ದಿನವೂ ನೆಲ ಒರೆಸುತ್ತಾರೆ. ಒದ್ದೆ ಬಟ್ಟೆ ಹಲಗೆಯ ಕೆಳಗಿನ ಅಂಚಿಗೆ ತಾಗುತ್ತದೆ. ಕಣ್ಣಿಗೆ ಕಾಣುವ ಅಂಚುಗಳಿಗೆ ಮಾತ್ರ ಅಂಚುಪಟ್ಟಿ ಅಂಟಿಸಿ, ಕೆಳಗಿನ ಅಂಚನ್ನು ಹಾಗೆಯೇ ಬಿಟ್ಟಿದ್ದರು. ಒತ್ತುಯಂತ್ರದಲ್ಲಿ ಅದುಮಿ ಕೂರಿಸಿದ ಚಕ್ಕೆಗಳು ನೀರು ಕುಡಿದೊಡನೆ ಹಿಗ್ಗುತ್ತವೆ, ಯೂರಿಯಾ ಅಂಟು ತೇವದಲ್ಲಿ ಬಿಟ್ಟುಕೊಳ್ಳುತ್ತದೆ, ಒಣಗಿದ ಮೇಲೂ ಹಲಗೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ನಾನು ಅಳೆದಾಗ ಬಲಗಡೆಯ ಹಲಗೆಯ ಬುಡ 15ರ ಬದಲು 19 ಮಿಲಿಮೀಟರ್ ಇತ್ತು. ಮೇಲ್ಪದರ ಬಿರಿದಿತ್ತು; ಉಗುರಿನಿಂದ ಮುಟ್ಟಿದರೆ ಒಳಗಿನ ಚಕ್ಕೆಗಳು ನೆನೆಸಿದ ಅವಲಕ್ಕಿಯಂತೆ ಉಬ್ಬಿ, ಬೆರಳಿಗೆ ಅಂಟಿಕೊಂಡು ಬರುತ್ತಿದ್ದವು.

ತಮ್ಮ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿದ್ದು ಈ ಹಂತದಲ್ಲಿ. ಮಾರಾಟಗಾರರು ಹನ್ನೆರಡು ದಿನಗಳಲ್ಲಿ ಉತ್ತರ ಕೊಟ್ಟರು: ವಾರಂಟಿ ಒಂದು ವರ್ಷದ್ದು, ತೇವದಿಂದಾದ ಹಾನಿ, ಸ್ಥಳ ಬದಲಾವಣೆ, ಹೊರಗಿನವರಿಂದ ಮಾಡಿಸಿದ ಜೋಡಣೆ ಇವು ಅದರಲ್ಲಿ ಸೇರುವುದಿಲ್ಲ, ಸದ್ಭಾವನೆಯಿಂದ ಮುಂದಿನ ಖರೀದಿಗೆ ₹1,000ದ ಕೂಪನ್ ಕೊಡುತ್ತೇವೆ. ಸ್ಥಳ ಬದಲಾವಣೆ ವಾರಂಟಿಗೆ ಸೇರದೆಂಬುದನ್ನು ಬಿಚ್ಚಿ ಒಯ್ಯಬಹುದೆಂಬ ಜಾಹೀರಾತಿನ ಪಕ್ಕದಲ್ಲಿ ಇಟ್ಟು ಓದಬೇಕು. ಅವನು ಕೂಪನ್ ಬಳಸಲಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೆಂದು ನಾನು ಒತ್ತಾಯಿಸಿದೆ. 2019ರ ಕಾಯ್ದೆಯಡಿ ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಅರ್ಜಿಯನ್ನು ಅಂತರ್ಜಾಲದಲ್ಲೇ ಸಲ್ಲಿಸಬಹುದು. ಹೊಸ ಕೆಲಸದಲ್ಲಿ ರಜೆ ಕೇಳಲು ಅವನಿಗೆ ಮನಸ್ಸಾಗಲಿಲ್ಲ, ಮುಂದೆ ದೂರು ಕೊಡಲು ಇದ್ದ ಎರಡು ವರ್ಷದ ಗಡುವೂ ಕಳೆದುಹೋಯಿತು. ಅವನು ಹೋಗಬೇಕಿತ್ತೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಎರಡು ಬಲ ಹಲಗೆಗಳ ಪಟ, ಜೋಡಣೆ ಆರಂಭವಾಗಿದೆ ಎಂದು ನಿರಾಕರಿಸಿದ ಸಂದೇಶ, ಇವೆರಡೇ ಸಾಕಷ್ಟು ಬಲವಾದ ಸಾಕ್ಷ್ಯವಾಗಿದ್ದವು.

2024ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ತಮ್ಮ ಬಾಗಿಲು ತೆಗೆದಾಗ ಬಲಗಡೆಯ ಬುಡ ಕುಸಿದು ಕಪಾಟು ಪಕ್ಕದ ಗೋಡೆಗೆ ಒರಗಿತು. ಯಾರಿಗೂ ಪೆಟ್ಟಾಗಲಿಲ್ಲ. ಅವನು ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ರಾಶಿ ಹಾಕಿ, ಕಪಾಟನ್ನು ಬಿಚ್ಚಿ ಹಲಗೆಗಳನ್ನು ಮೆಟ್ಟಿಲ ಕೆಳಗೆ ಒಟ್ಟಿದ. ಗುಜರಿಯವರು ಕೀಲು, ಹಿಡಿ, ಎಲ್ ಪಟ್ಟಿಗಳಿಗೆ ₹60 ಕೊಟ್ಟು, ಹಲಗೆ ಬೇಡವೆಂದು ಹೋದರು. ಊರಿಗೆ ತಂದು ಹಂಡೆ ಒಲೆಗೆ ಹಾಕೋಣವೆಂದ ಅಮ್ಮನಿಗೆ, ಆ ಅಂಟಿನ ಹೊಗೆ ಒಳ್ಳೆಯದಲ್ಲವೆಂದು ನಾನೇ ಬೇಡವೆಂದೆ. ಹದಿನೈದು ದಿನಗಳ ನಂತರ ಮನೆಯ ಮಾಲೀಕರು ಜಾಗ ಖಾಲಿ ಮಾಡಲು ಹೇಳಿದರು, ತಮ್ಮ ₹600 ಬಾಡಿಗೆಗೆ ಟೆಂಪೊ ಕರೆಸಿ ಅವನ್ನು ಕಳುಹಿಸಿದ. ಅಂದು ರಾತ್ರಿ ಅವನು ಲೆಕ್ಕ ಬರೆದು ನನಗೆ ಕಳುಹಿಸಿದ: ಬೆಲೆ 8,499, ಮೊದಲ ಜೋಡಣೆ 700, ಬಿಚ್ಚಿ ಜೋಡಿಸಿದ್ದು 900, ದುರಸ್ತಿ 1,100, ಟೆಂಪೊ 600, ಬಂದದ್ದು 60. ಒಟ್ಟು ₹11,739. ಅದರ ಕೆಳಗೆ, ಹತ್ತಿರದ ಅಂಗಡಿಯ ಕಬ್ಬಿಣದ ಬೀರುವಿನ ಪಟವಿತ್ತು, ಜೊತೆಗೆ ಒಂದು ಪ್ರಶ್ನೆ: "ಅಕ್ಕ, ಇದರ ಕಾಲು ನೆಲದಿಂದ ನಾಲ್ಕು ಇಂಚು ಮೇಲಿದೆ. ತಗೊಳ್ಲಾ?"